ಗೇಟಣ್ಣನ ಸಾವಿರದ ಎಂಬತ್ತು ಪಟ

ಗೇಟಣ್ಣ ಮಾತಾಡಲು ಬಾಯಿ ತೆರೆದರೆ ಸುತ್ತಲಿದ್ದವರೆಲ್ಲ ಸಹಾಯಕ್ಕೆ ಧಾವಿಸುತ್ತಿದ್ದರು. ಅವನಿಗೆ ಉಗ್ಗು. ಮೊದಲ ಅಕ್ಷರ ಬಾಗಿಲಲ್ಲಿ ಸಿಕ್ಕಿಕೊಂಡ ಮಂಚದ ಹಾಗೆ ಒಳಗೂ ಹೋಗದು, ಹೊರಗೂ ಬಾರದು. ಒಮ್ಮೆ ನನ್ನ ಅಂಗಡಿ ಮುಂದೆ ನಿಂತು "ಹಾ... ಹಾ..." ಎಂದ. "ಹಾಲು ತರಬೇಕಾ?" ಎಂದೆ ನಾನು. "ಹಾರೆ ಬೇಕೇನೋ" ಎಂದ ಪಕ್ಕದ ಕ್ಷೌರದವನು. ಅವನು ಹೇಳಹೊರಟಿದ್ದು ಹಾವು ಎಂದು. ನಾವು ಹಾಲು, ಹಾರೆ ಎಂದು ಚೌಕಾಸಿ ಮಾಡುವಷ್ಟರಲ್ಲಿ ಆ ಹಾವು ನನ್ನ ಹಳೆ ಟೈರುಗಳ ರಾಶಿ ಹೊಕ್ಕು ಸಂಸಾರ ಹೂಡಿತ್ತು.

ನನ್ನದು ಸೈಕಲ್ ರಿಪೇರಿ ಅಂಗಡಿ, ರೈಲ್ವೆ ಗೇಟಿನಿಂದ ಇಪ್ಪತ್ತು ಹೆಜ್ಜೆ. ಅವನು ಆ ಗೇಟು ಕಾದದ್ದು ಮೂವತ್ತೊಂದು ವರ್ಷ. ನನಗಿಂತ ಏಳು ವರ್ಷ ಚಿಕ್ಕವನು. ಆದರೂ ಊರಿಗೆಲ್ಲ ಗೇಟಣ್ಣನಾದವನು ನನಗೂ ಗೇಟಣ್ಣನೇ. ಅವನ ಹೆಂಡತಿ ಗೇಟಕ್ಕ. ಗೇಟಿನ ಗುಡಿಸಲ ಹಿಂದೆಯೇ ಅವರ ಎರಡು ಕೋಣೆಯ ಮನೆ, ಕಂಬಿಯಿಂದ ಒಂದು ಬಟ್ಟೆ ಒಣಹಾಕುವ ಹಗ್ಗದಷ್ಟು ದೂರ.

ಉಗ್ಗಿನವನಿಗೆ ಆ ಕೆಲಸ ಹೇಗೆ ನಡೆಯಿತು ಎಂದು ಕೇಳಬಹುದು. ಒಂದು ವಿಚಿತ್ರವಿತ್ತು. ಅಂಕಿ ಹೇಳುವಾಗ ಅವನ ನಾಲಿಗೆ ಎಣ್ಣೆ ಕಂಡ ಚೈನಿನ ಹಾಗೆ ಓಡುತ್ತಿತ್ತು. ರೈಲು ಹೊರಡುವ ಮುಂಚೆ ಸ್ಟೇಷನ್ನಿನಿಂದ ಫೋನು ಬರುತ್ತದೆ. ಗೇಟು ಹಾಕಿ, ಬೀಗ ಜಡಿದು, ಆಮೇಲೆ ಗೇಟಿನವನು ಒಂದು ಗುಟ್ಟಿನ ನಂಬರು ಹೇಳಬೇಕು. ಅದನ್ನು ಬರೆದುಕೊಂಡ ಮೇಲೆಯೇ ಮಾಸ್ತರರು ರೈಲು ಬಿಡುವುದು. ಗೇಟಣ್ಣ ಆ ನಂಬರನ್ನು ಮುತ್ತು ಉದುರಿಸಿದಂತೆ ಹೇಳುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಒಂದು ಅಂಕಿ ತಪ್ಪಿದ್ದಿಲ್ಲ.

ಆದರೂ ಅವನ ಹೆಸರಿಗೆ ಒಂದು ಮಸಿ ಬಿದ್ದಿತ್ತು.

ಹನ್ನೊಂದು ವರ್ಷದ ಹಿಂದೆ, ಸುಡು ಮಧ್ಯಾಹ್ನ. ಗೇಟು ಹಾಕಿತ್ತು. ನನ್ನ ಕಡೆ ಒಂದೇ ಒಂದು ಲಾರಿ ಅಡ್ಡ ನಿಂತಿತ್ತು. ಅದರ ಡ್ರೈವರು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ಸ್ಟೇಷನ್ ಬಿಟ್ಟು ಇನ್ನೂ ವೇಗ ಹಿಡಿಯದ ಎಕ್ಸ್‌ಪ್ರೆಸ್ ರೈಲು ತಿರುವಿನ ಆಚೆಯೇ ಕಿರುಚಿ ನಿಂತಿತು. ಎಷ್ಟು ಹೊತ್ತಾದರೂ ಅದು ಮುಂದೆ ಬಾರದ್ದು ಕಂಡು ನಾವು ನಾಲ್ಕು ಜನ ಅಂಗಡಿಯವರು ಓಡಿದೆವು. ರೈಲಿನ ಚಾಲಕನೂ ಇಳಿದು ನಡೆದು ಬಂದ. ಹಳಿಯ ಮೇಲೆ ಏನೂ ಇರಲಿಲ್ಲ. ಗೇಟಣ್ಣ ಒಂದು ಕೈಯಲ್ಲಿ ಕೆಂಪು ಬಾವುಟ, ಇನ್ನೊಂದರಲ್ಲಿ ಯಾರದೋ ಒಂಟಿ ಚಪ್ಪಲಿ ಹಿಡಿದು ಏದುಸಿರು ಬಿಡುತ್ತ ನಿಂತಿದ್ದ.

"ಯಾಕಪ್ಪಾ ನಿಲ್ಲಿಸಿದೆ?" ಎಂದು ಚಾಲಕ ಕೇಳಿದ.

ಗೇಟಣ್ಣನ ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಕೊರಳಿನ ನರ ಉಬ್ಬಿತು. ಮಾತು ಬರಲಿಲ್ಲ. ಆಗ ಹಿಂದಿನಿಂದ ಯಾರೋ, "ಕಣ್ಣು ಹತ್ತಿರಬೇಕು. ಎದ್ದ ಗಾಬರಿಗೆ ಬಾವುಟ ಹಿಡ್ಕೊಂಡು ಓಡಿದಾನೆ" ಎಂದರು. ನಗು ಎದ್ದಿತು. ಚಾಲಕ ಅದನ್ನೇ ಬರೆದ. ವಿಚಾರಣೆಗೆ ಬಂದ ಅಧಿಕಾರಿಯ ಮುಂದೆಯೂ ಮಾತು ಸಿಕ್ಕಿಕೊಂಡಿತು. ಚಪ್ಪಲಿ ತೋರಿಸಿದರೆ, "ಹಳಿ ಮೇಲೆ ಚಪ್ಪಲಿಗೇನು ಬರವೇ?" ಎಂದರಂತೆ. ಗೇಟಕ್ಕ ಹೋಗಿ ಹೇಳಿದರೆ, ಗಂಡನ ಪರ ಹೆಂಡತಿ ಹೇಳದೆ ಇನ್ಯಾರು ಹೇಳುತ್ತಾರೆ ಎಂದು ಕಳಿಸಿದರು. ಕಾರಣವಿಲ್ಲದೆ ರೈಲು ನಿಲ್ಲಿಸಿದ ಎಂದು ಕಾಗದ ಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಅಂದಿನಿಂದ ಗೇಟು ದಾಟುವವರೆಲ್ಲ ಒಂದು ಮಾತು ಎಸೆದೇ ಹೋಗುತ್ತಿದ್ದರು: "ಅಣ್ಣಾ, ಎಚ್ಚರ ಇದೀರಾ?"

ಅವನು ನಗುತ್ತಿದ್ದ. ಗೇಟಕ್ಕ ನಗುತ್ತಿರಲಿಲ್ಲ.

ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ಸ್ಟೇಷನ್ನಿನಿಂದ ಸುದ್ದಿ ಬಂತು. ಬೀಳ್ಕೊಡುಗೆ ಮಾಡುತ್ತಾರೆ, ಎಲ್ಲರ ಮುಂದೆ ಗೇಟಣ್ಣ ಎರಡು ಮಾತಾಡಬೇಕು. ಆ ಎರಡು ಮಾತು ಅವನ ನಿದ್ದೆ ಕೆಡಿಸಿತು. ಆಡದೆ ಹೋದರೆ ಆ ಮಸಿ ಹೊತ್ತುಕೊಂಡೇ ಮನೆಗೆ ಬರಬೇಕು. ಆಡಹೋದರೆ ಯಾರಾದರೂ ಮುಗಿಸಿಕೊಡುತ್ತಾರೆ.

"ಭಾವ, ಇವರಿಗೆ ಹೇಳಬೇಕಿರೋದು ಒಂದೇ ವಿಷಯ" ಎಂದಳು ಗೇಟಕ್ಕ ನನ್ನ ಹತ್ತಿರ. "ಅದನ್ನ ಒಂದ್ಸಲ ಪೂರ್ತಿ ಕೇಳೋರು ಸಿಗಲಿಲ್ಲ ನೋಡಿ, ಅದೇ ಸಂಕಟ."

ಈಗ ಬಿಸ್ಕತ್ತು ಡಬ್ಬಿಯ ವಿಷಯ ಹೇಳಬೇಕು. ಗೇಟು ಹಾಕಿದಾಗ ಕಾರುಗಳು ಸಾಲು ನಿಲ್ಲುತ್ತವಲ್ಲ, ಬೇಸತ್ತ ಮಕ್ಕಳು ಕಿಟಕಿಯಿಂದ ಕೈಗೆ ಸಿಕ್ಕಿದ್ದು ಬೀಳಿಸುತ್ತವೆ. ಗೇಟು ತೆರೆದೊಡನೆ ಅಪ್ಪಂದಿರಿಗೆ ಅವಸರ. ಯಾರೂ ಇಳಿದು ಹುಡುಕುವುದಿಲ್ಲ. ಗೇಟಣ್ಣ ಎಲ್ಲ ಆರಿಸಿಡುತ್ತಿದ್ದ, ಕೇಳಿಕೊಂಡು ಬಂದರೆ ಕೊಡಬೇಕೆಂದು. ಹೆಚ್ಚಿನವು ಆ ಪ್ಲಾಸ್ಟಿಕ್ ಆಟದ ಇಟ್ಟಿಗೆಗಳು, ಒಂದಕ್ಕೊಂದು ಟಕ್ಕೆಂದು ಕೂರುವಂಥವು. ವರ್ಷಗಟ್ಟಲೆಯಲ್ಲಿ ಹನಿ ಹನಿ ಕೂಡಿ ಹಳ್ಳವಾಗಿ ದೊಡ್ಡ ಡಬ್ಬಿ ತುಂಬಿತ್ತು. ಹೆಬ್ಬೆರಳಷ್ಟು ಎತ್ತರದ ಗೊಂಬೆಗಳೂ ಐದಾರು: ಒಬ್ಬನಿಗೆ ಕೈ ಒಂದೇ, ಒಬ್ಬಳಿಗೆ ಕೂದಲಿಲ್ಲ, ಒಬ್ಬ ಕಡಲ್ಗಳ್ಳ, ಅವನ ಕಣ್ಣಿಗೆ ಕರಿಪಟ್ಟಿ. ಡಬ್ಬಿಯ ಪಕ್ಕದ ಮೊಳೆಗೆ ಆ ಒಂಟಿ ಚಪ್ಪಲಿ.

ಗೇಟು ಬಿಡುವ ಮುಂಚೆ ಇವನ್ನೆಲ್ಲ ವಾರಸುದಾರರಿಗೆ ಮುಟ್ಟಿಸಬೇಕೆಂದು ಅವನ ಹಟ. ಒಂದೊಂದರ ಪಟ ತೆಗೆದು, ಫೋಟೊ ಸ್ಟುಡಿಯೊದಾಕೆಯ ಹತ್ತಿರ ಅಚ್ಚು ಹಾಕಿಸಿ, ಗೇಟಿನ ಕಂಬಕ್ಕೆ ಅಂಟಿಸುವುದು ಎಂದು ಲೆಕ್ಕ. ಮಗಳು ಕೊಟ್ಟ ಫೋನು ಹಿಡಿದು ಮೇಜಿನ ಮೇಲೆ ಒಂಟಿಕೈಯವನನ್ನು ನಿಲ್ಲಿಸಿದ. ಫೋನು ಹೊಸದು, ಹೆಬ್ಬೆರಳು ಹಳೆಯದು. ಒತ್ತಿದಾಗೆಲ್ಲ ಮೊಣಕೈ ತಗುಲಿ ಗೊಂಬೆ ಸರಿಯುತ್ತಿತ್ತು. ಸರಿಯಾಗಿ ಬರಲಿಲ್ಲವೆಂದು ಮತ್ತೆ ಒತ್ತುತ್ತಿದ್ದ. ಹೀಗೆ ಹತ್ತು ಹದಿನೈದು ಪಟ.

ನಾನು ಚಹಾ ಕುಡಿಯುತ್ತ ಕೂತಿದ್ದೆ. ಗೇಟಕ್ಕ ಫೋನು ಕಿತ್ತುಕೊಂಡು, "ಎಷ್ಟು ತೆಗೆದಿದೀರಿ ಒಂದೇ ಗೊಂಬೆದು! ಅಳಿಸ್ತೀನಿ ಇರಿ" ಎಂದು ಬೆರಳಿನಿಂದ ಪಟಗಳನ್ನು ಸರಸರನೆ ಸರಿಸಿದಳು. ಸರಿಸಿದವಳು ಕೈ ನಿಲ್ಲಿಸಿದಳು. ಹಿಂದಕ್ಕೆ ಹೋಗಿ ಇನ್ನೊಮ್ಮೆ ಸರಿಸಿದಳು.

"ಭಾವ," ಎಂದಳು, ದನಿ ಸಣ್ಣದಾಗಿತ್ತು, "ಇವನು ನಡೀತಾ ಇದಾನೆ."

ನೋಡಿದೆ. ಆಣೆ ಮಾಡಿ ಹೇಳುತ್ತೇನೆ, ನಡೆಯುತ್ತಿದ್ದ. ಸತ್ತ ಪ್ಲಾಸ್ಟಿಕ್ಕು, ಕಾರಿನ ಕಿಟಕಿಯಿಂದ ಬಿದ್ದ ಕಸ, ಮೇಜಿನ ಈ ತುದಿಯಿಂದ ಆ ತುದಿಗೆ ತನ್ನ ಪಾಡಿಗೆ ತಾನು ಹೊರಟಿದ್ದ. ಅರವತ್ತೇಳು ವರ್ಷದಲ್ಲಿ ನಾನು ಬೇಕಾದಷ್ಟು ಸಿನಿಮಾ ನೋಡಿದ್ದೇನೆ. ಆದರೆ ಜೀವ ಎನ್ನುವುದು ಎಲ್ಲಿಂದ ಬಂದು ಎಲ್ಲಿ ಹೊಗುತ್ತದೆ ಎಂದು ಕಣ್ಣಾರೆ ಕಂಡಂತಾದದ್ದು ಅವತ್ತು, ಆ ಅಂಗೈಯಗಲದ ಗಾಜಿನಲ್ಲಿ. ಎರಡು ಪಟದ ನಡುವೆ ಏನೂ ಇಲ್ಲ. ನಡಿಗೆ ಇರುವುದು ಆ ಏನೂ ಇಲ್ಲದ ಜಾಗದಲ್ಲಿ.

ಗೇಟಣ್ಣ ಫೋನು ಇಸಿದುಕೊಂಡು ಇಪ್ಪತ್ತು ಸಲ ನಡೆಸಿದ. ಆಮೇಲೆ ಮೊಳೆಯ ಮೇಲಿನ ಚಪ್ಪಲಿ ನೋಡಿದ. ಅವನ ತಲೆಯಲ್ಲಿ ಏನು ಹೊಳೆಯಿತೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಸ್ಟುಡಿಯೊದಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಣ್ಣಾ, ನೀವು ಕಂಡುಹಿಡಿದದ್ದನ್ನ ಲೋಕ ನೂರು ವರ್ಷದ ಹಿಂದೇನೇ ಕಂಡುಹಿಡಿದಿದೆ!" ಆದರೂ ಪಟಗಳನ್ನು ಮಣಿಯಂತೆ ಪೋಣಿಸುವ ಒಂದು ಆ್ಯಪ್ ಫೋನಿಗೆ ಹಾಕಿಕೊಟ್ಟಳು. "ಒಂದು ಸೆಕೆಂಡಿಗೆ ಹನ್ನೆರಡು ಪಟ. ಪ್ರತಿ ಪಟಕ್ಕೂ ಗೊಂಬೆನ ಒಂದು ಕೂದಲೆಳೆ ಸರಿಸಬೇಕು, ಕೈ ತೆಗೀಬೇಕು, ಒತ್ತಬೇಕು. ಇಷ್ಟೇ."

"ಇಷ್ಟೇ" ಎಂದು ಅವಳು ಹೇಳಿದ್ದನ್ನು ಕಲಿಯಲು ಗೇಟಣ್ಣನಿಗೆ ಎರಡು ತಿಂಗಳು ಹಿಡಿಯಿತು. ಬೆಳಗಿನ ಪಾಳಿ ಮುಗಿಸಿ ಎರಡು ಗಂಟೆಗೆ ಮನೆಗೆ ಬಂದು ಕೈಕಾಲು ತೊಳೆದು ಕೂರುತ್ತಿದ್ದ. ಫೋನನ್ನು ಕೈಯಲ್ಲಿ ಹಿಡಿದರೆ ಚಿತ್ರದಲ್ಲಿ ಭೂಮಿಯೇ ಕುಡಿದಂತೆ ತೂಗಾಡುತ್ತಿತ್ತು. ನಾನು ಹಳೆ ಸೈಕಲಿನ ಮುಂದಿನ ಫೋರ್ಕನ್ನು ತಲೆಕೆಳಗು ಮಾಡಿ, ಎಣ್ಣೆ ಡಬ್ಬಿಯಲ್ಲಿ ಸಿಮೆಂಟು ಹಾಕಿ ನಿಲ್ಲಿಸಿ, ಬ್ರೇಕಿನ ಹಿಡಿಕೆಯಿಂದ ಫೋನು ಕಚ್ಚುವ ಹಾಗೆ ಮಾಡಿಕೊಟ್ಟೆ. ಅಂಗಡಿಯಲ್ಲಿ ಕೊಂಡರೂ ಅಂಥದ್ದು ಸಿಗುವುದಿಲ್ಲ, ಇರಲಿ. ಮೋಡ ಬಂದು ಹೋದರೆ ಚಿತ್ರದಲ್ಲಿ ಹಗಲು ಕತ್ತಲೆ ಕಣ್ಣಾಮುಚ್ಚಾಲೆ ಆಡುತ್ತಿದ್ದವು. ಕಿಟಕಿ ಮುಚ್ಚಿ ಒಂದು ಬಲ್ಬು ಹಾಕಿದೆವು. ಅವನು ಕೆಂಪು ಸ್ವೆಟರು ಹಾಕಿ ಬಗ್ಗಿದಾಗೆಲ್ಲ ಬಿಳಿ ಇಟ್ಟಿಗೆಗಳು ಮದುಮಗಳಂತೆ ಕೆಂಪಾಗುತ್ತಿದ್ದವು. ಗೇಟಕ್ಕ ಒಂದು ಮಸಕು ಅಂಗಿ ಹುಡುಕಿ ಕೊಟ್ಟು, "ಇದೊಂದೇ ಹಾಕ್ಕೊಳ್ಳಿ, ಒಗೆಯೋದೂ ಉಳೀತು" ಎಂದಳು.

ಮೊದಲ ಚಿತ್ರ ನಲವತ್ತು ಸೆಕೆಂಡು. ಒಂಟಿಕೈ ಗೊಂಬೆ ಗುಡಿಸಲಿನಿಂದ ಬಂತು, ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಗೇಟು ಇಳಿಸಿತು, ಬೀಗ ಹಾಕಿತು, ಬೀಗ ಎಳೆದು ನೋಡಿತು, ವಾಪಸು ಬಂದು ಫೋನು ಎತ್ತಿತು, ಪುಸ್ತಕ ಬರೆಯಿತು. ಚಿತ್ರ ಮುಗಿಯಿತು.

"ರೈಲೆಲ್ಲಿ?" ಎಂದಳು ಗೇಟಕ್ಕ.

"ಗೇ... ಗೇಟು ಹಾಕದೆ ರೈ... ರೈಲು ಹೇಗೆ ಬಿಡೋದು?"

"ಅಯ್ಯೋ ರಾಮ, ಸಿನಿಮಾದಲ್ಲೂ ಡ್ಯೂಟಿನಾ! ಗೇಟು ಹಾಕಿದ್ದು ತೋರಿಸಿ ಸೀದಾ ರೈಲು ತಂದ್ರೆ ಯಾರು ಕೇಳ್ತಾರೆ?"

ಅವನು ಒಪ್ಪಲಿಲ್ಲ. ಒಂದು ಹೆಜ್ಜೆಯೂ ಬಿಡಲಿಲ್ಲ. ಸುಮ್ಮನೆ ಆ ಪ್ಲಾಸ್ಟಿಕ್ ಬೀಗವನ್ನು ಇನ್ನೊಮ್ಮೆ ಎಳೆದು ನೋಡಿದ.

ಅದಕ್ಕಿಂತ ದೊಡ್ಡ ಕಾಟ ಬೇರೆಯದಿತ್ತು. ಚಿತ್ರ ಚೆನ್ನಾಗಿ ಓಡುತ್ತಿರುವಾಗಲೇ ಒಂದು ಕಡೆ ಎಲ್ಲ ಗಕ್ಕನೆ ಜಿಗಿಯುತ್ತಿತ್ತು. ಗೇಟು, ಗುಡಿಸಲು, ಗೊಂಬೆ, ಎಲ್ಲ ಒಂದು ಕೂದಲು ಪಕ್ಕಕ್ಕೆ. ಇಲಿ ಎಂದು ಬೋನು ಇಟ್ಟೆವು. ಬೆಕ್ಕು ಎಂದು ಬಾಗಿಲು ಹಾಕಿದೆವು. ಕೊನೆಗೆ ಗೇಟಣ್ಣ ಹೆಂಡತಿಯ ಕಡೆ ನೋಡಿದ.

"ನನ್ನ ನೋಡಬೇಡಿ. ಆ ಮೇಜು ಒರೆಸಿ ತಿಂಗಳಾಯ್ತು, ನಿಮ್ಮ ದೆಸೆಯಿಂದ ಧೂಳಲ್ಲಿ ಬದುಕ್ತಿದೀನಿ."

"ಮ... ಮತ್ತೆ ಯಾರು?"

"ನಿಮ್ಮ ಆ ಕಣ್ಣುಪಟ್ಟಿ ಕಳ್ಳ ಇರಬೇಕು, ಕೇಳಿ!"

ನಾಲ್ಕು ದಿನ ಗಂಡ ಹೆಂಡತಿ ಉಪ್ಪು ಬೇಕಾ ಎನ್ನುವಷ್ಟೇ ಮಾತು. ಐದನೆಯ ದಿನ ನನ್ನ ಎದುರಿಗೇ ಅವನು ಪಟಗಳನ್ನು ಒಂದೊಂದಾಗಿ ತಿರುವುತ್ತ, ಜಿಗಿದ ಪಟಗಳ ಕೆಳಗೆ ಫೋನೇ ಬರೆದಿಟ್ಟಿದ್ದ ಹೊತ್ತನ್ನು ಗಟ್ಟಿಯಾಗಿ ಓದಿದ. ಅಂಕಿಯಲ್ಲವೇ, ಉಗ್ಗಿಲ್ಲದೆ ಹರಿಯಿತು.

"ನಾಲ್ಕು ಮೂವತ್ತಾರು. ಐದು ಹನ್ನೆರಡು. ಆರು ಮೂರು. ನಾಲ್ಕು ಮೂವತ್ತೇಳು. ಐದು ಹನ್ನೊಂದು."

ಓದುತ್ತ ಓದುತ್ತ ದನಿ ನಿಧಾನವಾಯಿತು. ಗೇಟಕ್ಕ ಅಡುಗೆಯ ಕೈಯನ್ನು ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮೂವರೂ ಮುಖ ಮುಖ ನೋಡಿಕೊಂಡೆವು. ನಾಲ್ಕು ಮೂವತ್ತೈದರ ಪ್ಯಾಸೆಂಜರು. ಐದು ಹತ್ತರ ಗೂಡ್ಸು. ಆರರ ಪ್ಯಾಸೆಂಜರು.

ಮೂವತ್ತೊಂದು ವರ್ಷ ಕಂಬಿಯ ಪಕ್ಕ ಉಂಡು ಮಲಗಿದವರಿಗೆ ನೆಲ ನಡುಗುವುದೇ ಗೊತ್ತಾಗುತ್ತಿರಲಿಲ್ಲ! ಮೀನಿಗೆ ನೀರು ಒದ್ದೆ ಎಂದು ಗೊತ್ತೇ? ರೈಲು ಬಂದು ಮನೆಯನ್ನು ಅಲ್ಲಾಡಿಸಿ ಹೋಗುತ್ತಿತ್ತು. ಇವರು ಇಲಿಗೆ ಬೋನು ಇಟ್ಟಿದ್ದರು. ನನ್ನದೇನು ಹೆಚ್ಚು, ನಾನೂ ಇಪ್ಪತ್ತು ಹೆಜ್ಜೆಯವನೇ. ಗೇಟಕ್ಕ ನಕ್ಕ ನಗುವಿಗೆ ಕಣ್ಣಲ್ಲಿ ನೀರು ಬಂತು. "ಕಳ್ಳ ಸಿಕ್ಕ, ಭಾವ! ಟೈಮಿಗೆ ಸರಿಯಾಗಿ ಬರೋ ಕಳ್ಳ!"

ಆಮೇಲೆ ಅವನು ಎರಡು ಐವತ್ತರಿಂದ ನಾಲ್ಕು ಮೂವತ್ತರವರೆಗೆ, ರೈಲಿಲ್ಲದ ಹೊತ್ತಿನಲ್ಲಿ ಮಾತ್ರ ಪಟ ತೆಗೆದ. ನಾನು ಹಳೆ ಟ್ಯೂಬುಗಳನ್ನು ಸುರುಳಿ ಸುತ್ತಿ ಫೋನಿನ ಕಂಬದ ಕೆಳಗೆ ಹಾಸಿಕೊಟ್ಟೆ, ನಡುಕ ಅದಕ್ಕೆ ತಾಗದಿರಲೆಂದು. ಒಂದು ಮಧ್ಯಾಹ್ನ ಪೂರ್ತಿ ಕೂತರೆ ನಲವತ್ತು ಪಟ. ಅಂದರೆ ಮೂರು ಸೆಕೆಂಡೂ ಚಿಲ್ಲರೆ. ಗುಡ್ಡ ಅಗೆದು ಇಲಿ ಹಿಡಿದಂತೆ ಎಂದು ನಾನು ಅಂದುಕೊಂಡೆ. ಆದರೆ ಆ ಇಲಿಗೆ ಜೀವ ಬರುವುದನ್ನು ನೋಡುವ ಆಸೆಗೆ ದಿನಾ ಅಂಗಡಿಯ ಬಾಗಿಲು ಅರ್ಧ ಎಳೆದು ಹೋಗುತ್ತಿದ್ದೆ.

ಒಂದು ದಿನ ಹೋದಾಗ ಮೇಜಿನ ಮೇಲೆ ಹೊಸಬಳಿದ್ದಳು. ಕೂದಲಿಲ್ಲದ ಗೊಂಬೆ. ಅವಳ ತಲೆಯ ಮೇಲೆ ನಾಲ್ಕು ಕಂದು ತುಂಡು ಜೋಡಿಸಿ ಮಾಡಿದ ಪುಟ್ಟ ಕುರ್ಚಿ. ಒಂದು ಕಾಲು ಹಳಿಯ ಪಕ್ಕದ ಸಂದಿನಲ್ಲಿ.

"ಇದ್ಯಾರೋ?" ಎಂದೆ.

"ಅ... ಅವತ್ತು..." ಎಂದ ಗೇಟಣ್ಣ. "ಕು... ಕು..."

"ಕುರ್ಚಿ ಮಾರೋಳಾ?" ಎಂದು ನನ್ನ ಬಾಯಿ ತುದಿಗೆ ಬಂದಿತ್ತು.

"ಭಾವ, ಸ್ವಲ್ಪ ಬಾಯಿ ಮುಚ್ಚಿ" ಎಂದಳು ಗೇಟಕ್ಕ. ಮೂವತ್ತು ವರ್ಷದಲ್ಲಿ ಅವಳು ನನಗೆ ಹಾಗೆಂದದ್ದು ಅದೇ ಮೊದಲು.

ಮುಚ್ಚಿದೆ. ಅವನು ಹೇಳಿದ. ಬಾಯಿ ನಿಂತಲ್ಲಿ ಗೊಂಬೆಯನ್ನು ಒಂದು ಕೂದಲು ಸರಿಸುತ್ತಿದ್ದ. ಸರಿಸಿದೊಡನೆ ಮುಂದಿನ ಮಾತು ಬರುತ್ತಿತ್ತು. ಅವತ್ತು ಗೇಟು ಹಾಕಿ, ನಂಬರು ಹೇಳಿ ಹೊರಗೆ ಬಂದಾಗ, ಕುರ್ಚಿ ಹೆಣೆಯುವ ಹೆಂಗಸೊಬ್ಬಳು ಆಚೆ ಬದಿಯ ಕಿರುಗೇಟಿನಿಂದ ನುಗ್ಗಿದ್ದಳು. ಪರ ಊರಿನವಳು. ತಲೆಯ ಮೇಲೆ ಕುರ್ಚಿ, ಕಾಲು ಕಾಣದು. ಹಳಿಯ ಸಂದಿಗೆ ಪಾದ ಹೋಗಿ ಕಚ್ಚಿಕೊಂಡಿತು. ಎಳೆದ, ಬರಲಿಲ್ಲ. ರೈಲು ಹೊರಟ ಸದ್ದು ಕೇಳಿತು. ಬಾವುಟ ಹಿಡಿದು ತಿರುವಿನವರೆಗೆ ಓಡಿ ನಿಲ್ಲಿಸಿದ. ಮತ್ತೆ ವಾಪಸು ಓಡಿ, ಚಪ್ಪಲಿಯ ಪಟ್ಟಿ ಕೊಯ್ದು ಪಾದ ಬಿಡಿಸಿದ. ಅವಳು ಹೆದರಿ, ಕುರ್ಚಿ ಎತ್ತಿಕೊಂಡು, ಹಿಂತಿರುಗಿ ನೋಡದೆ ಬಂದ ದಾರಿಯಲ್ಲೇ ಓಡಿದಳು. ಆಮೇಲೆ ನಾವು ಬಂದೆವು.

ಹನ್ನೊಂದು ವರ್ಷದ ಹಿಂದೆ ಹಿಂದಿನಿಂದ "ಕಣ್ಣು ಹತ್ತಿರಬೇಕು" ಎಂದ ಆ ಯಾರೋ, ಬೇರೆ ಯಾರೂ ಅಲ್ಲ, ನಾನೇ. ನಗಿಸಲು ಅಂದ ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದನ್ನು ಅವತ್ತು ಅವನಿಗೆ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಆಗ ನೋಡಿ, ಉಗ್ಗು ನನಗೆ ಹತ್ತಿತು.

"ಗೊ... ಗೊತ್ತಿದೆ ಅಣ್ಣ" ಎಂದ ಅವನು. "ದ... ದನಿ ಗುರುತು ಸಿಗಲ್ವಾ?" ಎಂದು ಕುರ್ಚಿಯನ್ನು ಒಂದು ಕೂದಲು ಸರಿಸಿ, ಒತ್ತಿದ.

ನಿವೃತ್ತಿಗೆ ಒಂದು ವಾರ ಉಳಿದಾಗ ರೈಲು ಬರುವ ಭಾಗವೊಂದೇ ಬಾಕಿ. ಇಟ್ಟಿಗೆಯ ರೈಲು ಸಿದ್ಧವಿತ್ತು: ಮುಂಭಾಗ ನೀಲಿ, ಡಬ್ಬಿಗಳು ಸಿಕ್ಕ ಸಿಕ್ಕ ಬಣ್ಣ. ಆದರೆ ಅವನಿಗೆ ಸಮಾಧಾನವಿಲ್ಲ. ರೈಲು ಸುಮ್ಮನೆ ಚಿತ್ರದೊಳಗೆ ಬರಬಾರದು ಎಂದ. ಬರುವ ಮುಂಚೆ ಕಲ್ಲಿಗೆ ಗೊತ್ತಾಗುತ್ತದೆ, ಕಂಬಿಗೆ ಗೊತ್ತಾಗುತ್ತದೆ, ಅದು ಕಾಣಬೇಕು. ಕೈಯಿಂದ ಕಲ್ಲು ಸರಿಸಿ ನೋಡಿದ. ಇರುವೆ ಹರಿದಂತೆ ಕಂಡಿತು. ಅಳಿಸಿದ.

ಆಮೇಲೆ ಗೋಡೆಯ ಗಡಿಯಾರ ನೋಡಿದ. ಐದು ಗಂಟೆ. ನನ್ನ ಕಡೆ ನೋಡಿದ. ನನಗೆ ಅರ್ಥವಾಗುವಷ್ಟರಲ್ಲಿ ಅವನು ಒತ್ತಿ ಕೂರಿಸಿದ್ದ ತುಂಡುಗಳನ್ನೆಲ್ಲ ಸಡಿಲ ಮಾಡುತ್ತಿದ್ದ. ಹಳಿಯ ಪಕ್ಕ ಹರಡಿದ್ದ ಗುಂಡು ಚೂರುಗಳು, ಗೇಟಿನ ತೋಳು, ಆ ಹೆಂಗಸಿನ ತಲೆಯ ಮೇಲಿನ ಕುರ್ಚಿ.

ಐದು ಹತ್ತರ ಗೂಡ್ಸು. ನಲವತ್ತೆರಡು ಡಬ್ಬಿ. ಗೇಟಕ್ಕ ಒಲೆ ಆರಿಸಿ ಬಂದಳು. ಅವಳ ಹೆಬ್ಬೆರಳು ಫೋನಿನ ಮೇಲೆ. ನಾನು ಉಸಿರು ಹಿಡಿದು ನಿಂತೆ. ದೂರದಲ್ಲಿ ಸಿಳ್ಳು. ಮೊದಲ ಬಾರಿಗೆ, ಆಣೆಗೂ ಮೊದಲ ಬಾರಿಗೆ, ಆ ನೆಲದ ನಡುಕ ನನ್ನ ಅಂಗಾಲಿಗೆ ತಿಳಿಯಿತು. ಗೇಟಣ್ಣ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಗೇಟಕ್ಕ ಒತ್ತಿದಳು, ಒತ್ತಿದಳು, ಗೂಡ್ಸು ದಾಟಿ ಹೋಗುವವರೆಗೂ ಒತ್ತುತ್ತಲೇ ಇದ್ದಳು.

ಪೋಣಿಸಿ ನೋಡಿದೆವು. ಏನೂ ಬಂದಿಲ್ಲ. ಹಳಿ ಖಾಲಿ. ಅಷ್ಟರಲ್ಲಿ ಒಂದು ಕಲ್ಲು ಮೈ ಕೊಡವಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಎಲ್ಲವೂ. ಗೇಟಿನ ತೋಳು ನಡುಗಿತು. ಹೆಂಗಸಿನ ತಲೆಯ ಮೇಲೆ ಕುರ್ಚಿ ಅಲುಗಿತು. ಅವಳ ಮುಖದ ಮೇಲಿನ ಅಚ್ಚೊತ್ತಿದ ನಗುವೇ ನನಗೆ ಭಯವಾಗಿ ಕಂಡಿತು. ಅವನ್ನು ನಾವ್ಯಾರೂ ಮುಟ್ಟಿರಲಿಲ್ಲ. ತಿಂಗಳುಗಟ್ಟಲೆ ನಮ್ಮನ್ನು ಕಾಡಿದ ಕಳ್ಳನೇ ಬಂದು, ಕೇಳದೆ, ಕೂಲಿ ಇಲ್ಲದೆ, ಆ ಚಿತ್ರಕ್ಕೆ ಉಸಿರು ಊದಿ ಹೋಗಿದ್ದ.

"ಕೈ ಮುಗೀಬೇಕು ಅನ್ಸತ್ತೆ" ಎಂದಳು ಗೇಟಕ್ಕ, ಯಾರಿಗೆ ಎಂದು ಹೇಳಲಿಲ್ಲ.

ಬೀಳ್ಕೊಡುಗೆ ನಡೆದದ್ದು ಸ್ಟೇಷನ್ನಿನ ಪ್ರಯಾಣಿಕರ ಕೋಣೆಯಲ್ಲಿ, ಮಧ್ಯಾಹ್ನ ಮೂರಕ್ಕೆ. ಹಳಿಯ ಕೆಲಸದವರು, ಟಿಕೆಟಿನವರು, ಗೇಟಿನ ಅಕ್ಕಪಕ್ಕದ ಅಂಗಡಿಯವರು, ಎಲ್ಲ ಸೇರಿ ಅರವತ್ತು ಜನ. ಎರಡು ಮೂರು ವರ್ಷದ ಹಿಂದೆ ನಿವೃತ್ತರಾದ ಹಳೆಯ ಸ್ಟೇಷನ್ ಮಾಸ್ತರರು ಮುಂದಿನ ಕುರ್ಚಿಯಲ್ಲಿ ಕೋಲು ಹಿಡಿದು ಕೂತಿದ್ದರು. ಗೇಟಣ್ಣ ಒಳಗೆ ಬಂದೊಡನೆ ಹಿಂದಿನಿಂದ ಅದೇ ಮಾತು ಬಂತು: "ಅಣ್ಣಾ, ಎಚ್ಚರ ಇದೀರಾ?" ನಗು. ನಾನು ನಗಲಿಲ್ಲ.

ಸ್ಟುಡಿಯೊದಾಕೆ ತನ್ನ ದೊಡ್ಡ ಟಿವಿಯನ್ನು ಮೇಜಿನ ಮೇಲಿಟ್ಟಿದ್ದಳು. "ಗೇಟಣ್ಣ ಮಾತಾಡೋ ಮುಂಚೆ ಒಂದೂವರೆ ನಿಮಿಷ ಇದನ್ನ ನೋಡಿ" ಎಂದಳಷ್ಟೆ.

ಸಾವಿರದ ಎಂಬತ್ತು ಪಟ. ಒಂಟಿಕೈಯ ಗೊಂಬೆ ಬಂದಾಗ ಜನ ಇನ್ನೂ ನಗುತ್ತಿದ್ದರು, ಮಕ್ಕಳಾಟ ಎಂದುಕೊಂಡರು. ಅದು ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಗೇಟು ಇಳಿಸಿತು, ಬೀಗ ಹಾಕಿತು, ಎಳೆದು ನೋಡಿತು, ಫೋನೆತ್ತಿತು, ಪುಸ್ತಕ ಬರೆಯಿತು. ಹಳಿಯ ಕೆಲಸದವರ ನಗು ನಿಂತಿತು. ಅವರಿಗೆ ಆ ಹೆಜ್ಜೆಗಳು ಗೊತ್ತು. ಕುರ್ಚಿ ಹೊತ್ತವಳು ಬಂದಳು. ಕಾಲು ಸಿಕ್ಕಿತು. 'ಅಯ್ಯೋ' ಎಂದು ಯಾರೋ ಹೆಂಗಸಿನ ದನಿ. ಆಮೇಲೆ ಕಲ್ಲುಗಳು ನಡುಗತೊಡಗಿದವು.

ನಾನು ಪರದೆ ನೋಡಲಿಲ್ಲ, ಜನರನ್ನು ನೋಡಿದೆ. ರೈಲಿನಲ್ಲೇ ಹುಟ್ಟಿ ರೈಲಿನಲ್ಲೇ ನರೆತವರು, ಒಬ್ಬೊಬ್ಬರಾಗಿ ಕಾಲನ್ನು ನೆಲದಿಂದ ಎತ್ತಿ ಕೂತರು. ಗೊಂಬೆ ಒಂದೇ ಕೈಯಲ್ಲಿ ಬಾವುಟ ಹಿಡಿದು ಓಡಿತು. ರೈಲು ನಿಂತಿತು. ಗೊಂಬೆ ವಾಪಸು ಓಡಿತು, ಕುರ್ಚಿಯನ್ನು ಕಿತ್ತು ಆಚೆ ಎಸೆಯಿತು, ಪಾದ ಬಿಡಿಸಿತು. ಅವಳು ಕುರ್ಚಿ ಎತ್ತಿಕೊಂಡು ಓಡಿಹೋದಳು. ಹಳಿಯ ಮೇಲೆ ಚಪ್ಪಲಿಯ ಲೆಕ್ಕಕ್ಕೆ ಪುಟ್ಟದೊಂದು ಕಂದು ತುಂಡು ಉಳಿಯಿತು. ಕಣ್ಣುಪಟ್ಟಿಯವನು ರೈಲಿನಿಂದ ಇಳಿದು ಬಂದು ಕೈಚಾಚಿ ಏನೋ ಕೇಳಿದ. ಒಂಟಿಕೈಯವನು ಅವನ ಎದುರು ಸುಮ್ಮನೆ ನಿಂತ. ಅಲ್ಲಿಗೆ ಚಿತ್ರ ಮುಗಿಯಿತು.

ಹಳೆಯ ಮಾಸ್ತರರು ಕೋಲೂರಿ ಎದ್ದರು. "ಆ ನಂಬರು ಬರೆದುಕೊಂಡವನು ನಾನು" ಎಂದರು. "ರೈಲು ನಿಲ್ಲೋದಕ್ಕೆ ನಾಲ್ಕು ನಿಮಿಷ ಮುಂಚೆ. ಗೇಟು ಹಾಕಿ, ಬೀಗ ಎಳೆದು ನೋಡಿ, ಒಂದಂಕಿ ತಪ್ಪದೆ ನಂಬರು ಹೇಳಿದ ಮನುಷ್ಯ ನಿದ್ದೆ ಮಾಡ್ತಿದ್ದ ಅಂತ ಬರೆದರು. ನನ್ನ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ." ಅಷ್ಟು ಹೇಳಿ ಕೂರದೆ ನಿಂತೇ ಇದ್ದರು. ಅವರು ನಿಂತದ್ದು ನೋಡಿ ಒಬ್ಬೊಬ್ಬರೇ ಎದ್ದರು.

ಮೈಕು ಗೇಟಣ್ಣನ ಕೈಗೆ ಬಂತು. ಅವನು ಚೀಲದಿಂದ ಆ ಒಂಟಿ ಚಪ್ಪಲಿ ತೆಗೆದು ಮೇಜಿನ ಮೇಲಿಟ್ಟ. ಬಾಯಿ ತೆರೆದ.

"ಅ..." ಎಂದ. "ಅ... ಅವ..."

ಕೊರಳಿನ ನರ ಉಬ್ಬಿತು. ಅರವತ್ತು ಜನರ ನಾಲಿಗೆಯ ತುದಿಯಲ್ಲಿ ಅರವತ್ತು ಮಾತು ಕೂತಿದ್ದವು, ನನ್ನದರಲ್ಲಿ ಮೂರು. ಒಬ್ಬನೂ ಆಡಲಿಲ್ಲ. ಕ್ಷೌರದವನು ತನ್ನ ಬಾಯಿಗೆ ತಾನೇ ಕೈ ಅಡ್ಡ ಇಟ್ಟುಕೊಂಡಿದ್ದ. ಸೆಕೆಂಡಿಗೆ ಹನ್ನೆರಡು ಪಟದ ಲೆಕ್ಕದಲ್ಲಿ ನಾನು ಎಣಿಸುತ್ತ ನಿಂತೆ. ನೂರು ದಾಟಿತು, ಇನ್ನೂರು ದಾಟಿತು. ಗೇಟಕ್ಕ ಕಣ್ಣು ಮುಚ್ಚಿರಲಿಲ್ಲ. ಗಂಡನ ಬಾಯನ್ನೇ ನೋಡುತ್ತಿದ್ದಳು.

"ಅವಳ ಕು... ಕುರ್ಚಿ ಕಾಲು ಮುರೀತು" ಎಂದ ಗೇಟಣ್ಣ. "ನಾ... ನಾನೇ ಎಸೆದದ್ದು. ಅ... ಅವಸರಕ್ಕೆ. ಬಡವಿ. ಎ... ಎಲ್ಲಾದರೂ ಸಿಕ್ಕರೆ ಹೇಳಿ. ತ... ತಪ್ಪಾಯ್ತು ಅಂತ. ಚ... ಚಪ್ಪಲಿ ನನ್ನ ಹತ್ರ ಇದೆ."

ಹನ್ನೊಂದು ವರ್ಷ ಅವನ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ತನಗೆ ಬಿದ್ದ ಮಸಿ ಎಂದು ನಾವೆಲ್ಲ ತಿಳಿದಿದ್ದೆವು. ಅದನ್ನೂ ನಾವೇ ಮುಗಿಸಿಕೊಟ್ಟಿದ್ದೆವು.

ಅವನು ಮೈಕು ಕೆಳಗಿಟ್ಟ. ಗೋಡೆಯ ಗಡಿಯಾರ ನೋಡಿದ. ಅಭ್ಯಾಸ ಬಿಡುತ್ತದೆಯೇ? "ನಾಲ್ಕು ಮೂವತ್ತೈದರ ಪ್ಯಾಸೆಂಜರು" ಎಂದ, ಒಂದಕ್ಷರವೂ ತಡವರಿಸದೆ. ನಾವೆಲ್ಲ ನಮ್ಮ ಅಂಗಾಲನ್ನು ನೆಲಕ್ಕೆ ಒತ್ತಿ ನಿಂತೆವು. ಅದು ಬರುತ್ತಿತ್ತು.